ಬಡಿಸಿದವರ ಪಾಲು

ನಮ್ಮ ಊರಿನ ಹೆಂಡದಂಗಡಿಯ ಮುಂದೆ ಒಂದು ಚಪ್ಪಡಿ ಕಲ್ಲಿದೆ. ಕುಡಿಯಲು ಬಂದವನು ಒಳಗೆ ಹೋಗುವ ಮೊದಲು ಅದರ ಮೇಲೆ ನಿಂತು, ತನ್ನ ಓಣಿಯ ಕಡೆಗೆ ಮುಖ ಮಾಡಿ, ‘ಕೂತ್ಕಳ್ರಮ್ಮೋ’ ಎಂದು ಕೂಗಬೇಕು. ಆ ಕೂಗು ಬಾಯಿಂದ ಬಾಯಿಗೆ ಹಾದು ಅವನ ಮನೆಯನ್ನು ತಲುಪುತ್ತದೆ. ಕೇಳಿದ ಹೆಂಗಸು ಒಲೆಯ ಕೊಳ್ಳಿಯನ್ನು ಹಿಂದಕ್ಕೆಳೆದು, ಕಂಕುಳಲ್ಲಿ ಕೂಸಿದ್ದರೆ ಪಕ್ಕದ ಮನೆಗೆ ಕೊಟ್ಟು, ಗೋಡೆಗೆ ಒರಗಿ ಕೂತುಕೊಳ್ಳುತ್ತಾಳೆ. ಸ್ವಲ್ಪ ಹೊತ್ತಿಗೆ ಅವಳಿಗೆ ಅಮಲು ಏರುತ್ತದೆ.

ನಮ್ಮಲ್ಲಿ ಕುಡಿದವನಿಗೆ ಅಮಲು ಏರುವುದಿಲ್ಲ. ಅವನು ಕುಡಿಯುವ ಮೊದಲು ಉಂಡ ಊಟವನ್ನು ಬಡಿಸಿದವರು ಯಾರೋ ಅವರಿಗೆ ಏರುತ್ತದೆ. ಕುಡಿದವನಿಗೆ ಉಳಿಯುವುದು ಪಾತ್ರೆ ತೊಳೆದ ನೀರಿನಷ್ಟು. ಆ ಚೂರಿಗಾಗಿ ಅವನು ಅಷ್ಟು ಕುಡಿಯುತ್ತಾನೆ. ಕೆಡುವ ಹೊಟ್ಟೆ, ಊದುವ ಕಾಲು ಮಾತ್ರ ಅವನವೇ. ತಾನೇ ಬಡಿಸಿಕೊಂಡು ಉಂಡರೆ ಅಮಲು ತನಗೇ ಬರುವುದಲ್ಲವೇ, ಹಾಗೇಕೆ ಮಾಡಬಾರದು ಎಂದು ಬೇರೆ ಊರಿನವರು ಕೇಳುತ್ತಾರೆ. ಗಂಡಸು ತಾನೇ ಬಡಿಸಿಕೊಂಡು ಉಂಡನೆಂದರೆ ಅವನಿಗೆ ದಿಕ್ಕಿಲ್ಲವೆಂದು ನಮ್ಮಲ್ಲಿ ಅರ್ಥ. ಮನೆಗೆ ಅಂಥ ಮಾತು ಬರಬಾರದೆಂದು ಹೆಂಗಸರೇ ಸೌಟನ್ನು ಬಿಟ್ಟುಕೊಡುವುದಿಲ್ಲ. ಎಲ್ಲರದೂ ಆದ ಮೇಲೆ ಅವರು ತಾವೇ ಬಡಿಸಿಕೊಂಡು ಉಣ್ಣುತ್ತಾರೆ. ಇದನ್ನು ಯಾರೂ ಮನಸ್ಸಿಗೆ ತಂದುಕೊಂಡಿರಲಿಲ್ಲ. ಹೆಂಗಸರ ಬಾಯಿಗೆ ಅಂಥದ್ದು ಹೋದೀತೆಂದು ನಮ್ಮೂರಿಗೆ ತೋಚಿರಲೇ ಇಲ್ಲ.

ಊರು ಇದಕ್ಕೆ ಹೊಂದಿಕೊಂಡೇ ಬದುಕುತ್ತ ಬಂದಿದೆ. ನಮ್ಮ ಬಾವಿಗಳ ಕಟ್ಟೆ ಎದೆಮಟ್ಟ ಇರುತ್ತದೆ. ಕ್ಷೌರಕ್ಕೆ ಕೂರುವವನು ಕ್ಷೌರಿಕನನ್ನು, ನಿಮ್ಮ ಮನೆಯಲ್ಲಿ ಬಡಿಸುವವರು ಯಾರಪ್ಪ ಎಂದು ಮೊದಲೇ ವಿಚಾರಿಸಿಕೊಂಡರೆ ಅದು ಅವಮರ್ಯಾದೆಯಲ್ಲ. ಶಾಲೆಯಲ್ಲಿ ಟೀಚರಮ್ಮ ಲೆಕ್ಕ ಹೇಳಿಕೊಡುತ್ತ ಸುಮ್ಮನೆ ನಗತೊಡಗಿದರೆ ಮಕ್ಕಳು ತಾವೇ ಪುಸ್ತಕ ಮುಚ್ಚಿ, ಆಕೆಯನ್ನು ಕುರ್ಚಿಗೆ ಕೂರಿಸಿ, ಹಣೆಗೆ ಒದ್ದೆ ಬಟ್ಟೆ ಇಡುತ್ತವೆ. ಯಾರ ಪಾಲು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಅದು ಮನೆಯೊಳಗಿನ ಮಾತು. ನಮ್ಮ ಪಕ್ಕದ ಮನೆಯ ತಿಪ್ಪಮ್ಮ ಹೂವು ಕಟ್ಟುವವಳು. ಅವಳ ಗಂಡನ ಕೂಗು ಬಂದಾಗಲೆಲ್ಲ ಬುಟ್ಟಿಯನ್ನು ನನ್ನ ಕಡೆ ತಳ್ಳಿ, “ಇವತ್ತು ಹೊತ್ತಿಗೆ ಮುಂಚೇನೇ ಹಬ್ಬ ಹಚ್ಚವ್ನೆ ನಮ್ಮಪ್ಪ. ಅಯ್ನೋರೆ, ಈ ದಾರ ಒಂಚೂರು ಹಿಡ್ಕಳಿ, ಮಾಲೆ ಸೊಟ್ಟ ಆದ್ರೆ ಸಾಮಿ ನನ್ನ ಮೇಲೆ ಸಿಟ್ಟಾಗ್ತಾನೆ, ಅವನ ಮೇಲಲ್ಲ” ಎನ್ನುತ್ತಿದ್ದಳು. ಆಮೇಲೆ ಜಗಲಿಯ ಮೇಲೆ ಕಾಲು ಚಾಚಿ, ಎದುರುಮನೆಯ ಎಮ್ಮೆಗೆ ಸೋಬಾನೆ ಹೇಳುತ್ತಿದ್ದಳು.

ನಾನು ಮಠದಲ್ಲಿ ಸಂಜೆ ಹೊತ್ತು ಪುರಾಣ ಓದುವವನು. ನನ್ನ ತಂದೆ ಓದುತ್ತಿದ್ದರು, ಅವರ ಕಣ್ಣು ಮಂಜಾದ ಮೇಲೆ ನಾನು ಕೂತೆ. ಜೀವಮಾನದಲ್ಲಿ ಬೀಡಿ ಕೂಡ ಮುಟ್ಟಿದವನಲ್ಲ. ನನಗೊಬ್ಬನೇ ಮಗ, ಚನ್ನವೀರ. ಮಂಡಕ್ಕಿ ಭಟ್ಟಿಯಲ್ಲಿ ಅಕ್ಕಿ ಹುರಿಯುವ ಮೇಸ್ತ್ರಿಯಾಗಿದ್ದ. ಭಟ್ಟಿಯ ಬಿಸಿಗೆ ಮೈ ಒಣಗುತ್ತದೆ ಎಂದು ಕುಡಿಯಲು ಶುರುಮಾಡಿದ್ದು, ಆಮೇಲೆ ಮಳೆಗಾಲದಲ್ಲೂ ಒಣಗತೊಡಗಿತು. ಮದುವೆಯಾದ ದಿನದಿಂದ ಅವನಿಗೆ ಬಡಿಸಿದವಳು ನನ್ನ ಸೊಸೆ ರುದ್ರಾಣಿ. ಮನೆಗೆ ಕಾಲಿಟ್ಟಾಗ ಅವಳು ಅರಳು ಹುರಿದ ಹಾಗೆ ಮಾತಾಡುವ ಹುಡುಗಿ. ಬರಬರುತ್ತ ಅವನ ಕೂಗು ಹಗಲು ಹೊತ್ತಿಗೇ ಬರತೊಡಗಿತು. ಅವಳ ಹಗಲೆಲ್ಲ ಅಡುಗೆಮನೆಯ ಗೋಡೆಗೆ ಒರಗಿಯೇ ಕಳೆಯತೊಡಗಿತು. ಅವಳು ಯಾರನ್ನೂ ಬಯ್ಯಲಿಲ್ಲ, ಅಳಲಿಲ್ಲ. ಎದ್ದ ಮೇಲೆ ಮುಖ ತೊಳೆದುಕೊಂಡು ಮತ್ತೆ ಒಲೆ ಹಚ್ಚುತ್ತಿದ್ದಳು. ಒಳ್ಳೆಯ ಹೆಣ್ಣುಮಗಳು, ಎಲ್ಲ ತಡೆದುಕೊಂಡಳು ಎಂದು ಊರು ಹೊಗಳಿತು. ನಾನೂ ಹೊಗಳಿದೆ.

ಚನ್ನವೀರನಿಗೆ ಕಾಮಾಲೆ ತಿರುಗಿ ಹೊಟ್ಟೆ ನೀರು ತುಂಬಿದ ಕೊಡದಂತೆ ಊದಿತು. ಕೊನೆಗೆ ನೋವು ತಡೆಯಲಾರದೆ ಒದ್ದಾಡುವಾಗ ಆಸ್ಪತ್ರೆಯಲ್ಲಿ ಬಿಳಿಯ ಸಣ್ಣ ಗುಳಿಗೆಗಳನ್ನು ಕೊಟ್ಟು ಕಳಿಸಿದರು. ಅಷ್ಟರಲ್ಲಿ ಅವನು ಉಣ್ಣುವುದನ್ನೇ ಬಿಟ್ಟಿದ್ದ, ಹಾಗಾಗಿ ಅವುಗಳ ಮಂಪರು ಬೇರೆ ಯಾರಿಗೂ ಹೋಗಲಿಲ್ಲ. ನಾನು ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ದೇವರ ಹೆಸರು ಹೇಳುತ್ತಿದ್ದಾಗ ಹೋದ. ಗುಳಿಗೆ ಡಬ್ಬಿಯಲ್ಲಿ ಇನ್ನೂ ಉಳಿದಿದ್ದವು.

ಗಂಡ ಸತ್ತ ಹೆಂಗಸಿನ ಕೈಗೆ ವರ್ಷ ತುಂಬುವವರೆಗೆ ಸೌಟು ಕೊಡುವುದಿಲ್ಲ, ಅದು ನಮ್ಮ ಪದ್ಧತಿ. ಅವಳಿಗೆ ಮನೆಯವರು ಬೇಯಿಸಿ ಬಡಿಸಬೇಕು. ವರ್ಷದ ದಿನ ತವರಿನವರು ಬಂದು ಹೊಸ ಸೌಟು ಕೈಗೆ ಕೊಡುತ್ತಾರೆ. ಅಂದು ಅವಳು ಬಂದವರಿಗೆಲ್ಲ ಬಡಿಸಿ, ಕೊನೆಗೆ ತಾನು ಬಡಿಸಿಕೊಂಡು ಉಣ್ಣುತ್ತಾಳೆ. ನನ್ನ ಹೆಂಡತಿ ಎಂದೋ ತೀರಿಹೋಗಿದ್ದಳು, ಮನೆಯಲ್ಲಿ ಇನ್ನಾರೂ ಇಲ್ಲದ್ದರಿಂದ ಒಲೆಯ ಮುಂದೆ ನಾನು ಕೂತೆ. ಮೊದಮೊದಲು ಅನ್ನ ಸೀದುಹೋಗುತ್ತಿತ್ತು. ಮಧ್ಯಾಹ್ನ ಅವಳ ತಟ್ಟೆಗೆ ಬಡಿಸಿ, ಅವಳು ಉಂಡಾದ ಮೇಲೆ ನಾನೊಂದಿಷ್ಟು ಹಾಕಿಕೊಂಡು ತಿನ್ನುತ್ತಿದ್ದೆ. ಆಗ ಅವಳ ಕೈ ವಿಪರೀತ ನಡುಗುತ್ತಿತ್ತು. ತುತ್ತು ಬಾಯಿಗೆ ಹೋಗುವ ಮೊದಲೇ ಚೆಲ್ಲುತ್ತಿತ್ತು. ದುಃಖ ಎಂದುಕೊಂಡೆವು. ನೋಡಲು ಬಂದ ಹೆಂಗಸರು, ಗಂಡನ ಮೇಲೆ ಎಷ್ಟು ಜೀವ ಇಟ್ಟಿದ್ದಳು ನೋಡಿ ಎಂದು ಕಣ್ಣೊರೆಸಿಕೊಂಡು ಹೋದರು. ಕೆಲವು ದಿನ ಕಳೆದ ಮೇಲೆ ನಡುಕ ಕಡಿಮೆಯಾಯಿತು. ದೇವರು ಕಣ್ಣುಬಿಟ್ಟ ಎಂದುಕೊಂಡೆ.

ನನಗೆ ಅದು ಮೊದಲು ಬಂದದ್ದು ಆ ದಿನಗಳಲ್ಲೇ. ಸಂಜೆ ಮಠದಲ್ಲಿ ಓದಲು ಕೂತಿದ್ದೆ. ಮಗ ಹೋದ ಮೇಲೆ ಓದು ನನಗೆ ಒಣಗಿದ ಸೊಪ್ಪಿನಂತಾಗಿತ್ತು. ನಾಲಿಗೆ ಆಡುತ್ತಿತ್ತು, ಒಳಗೆ ಏನೂ ಇಳಿಯುತ್ತಿರಲಿಲ್ಲ. ಅಂದು ಇದ್ದಕ್ಕಿದ್ದ ಹಾಗೆ ಹೆಡಕಿನಿಂದ ಒಂದು ಬೆಚ್ಚಗಿನದು ಇಳಿಯಿತು. ಬೆನ್ನು, ಮಂಡಿ, ಅಂಗಾಲು ಎಲ್ಲವೂ ಒಂದೊಂದಾಗಿ ಹಗುರಾದವು. ಎದೆಯ ಮೇಲೆ ಕೂತಿದ್ದ ಕಲ್ಲನ್ನು ಯಾರೋ ಎತ್ತಿ ಪಕ್ಕಕ್ಕಿಟ್ಟರು. ಕಣ್ಣೆತ್ತಿ ನೋಡಿದರೆ ಕಂಬದ ಪಕ್ಕದಲ್ಲಿ ಚನ್ನವೀರ ಕೂತಿದ್ದಾನೆ. ಕುಡಿತ ಹತ್ತುವ ಮೊದಲಿನ ಮುಖ. ಚಕ್ಕಳಮಕ್ಕಳ ಹಾಕಿಕೊಂಡು, ಗದ್ದಕ್ಕೆ ಕೈಕೊಟ್ಟು ಕೇಳುತ್ತಿದ್ದಾನೆ. ನನ್ನ ದನಿ ತುಂಬಿ ಬಂತು. ಏನು ಓದಿದೆನೋ ತಿಳಿಯದು. ನಿಲ್ಲಿಸಿದಾಗ ಕೂತವರೆಲ್ಲ ಅಳುತ್ತಿದ್ದರು.

ಅಮಲು ಎಂದರೇನೆಂದು ನಮ್ಮೂರಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನನ್ನ ಅರೆಮುಚ್ಚಿದ ಕಣ್ಣು, ಎಳೆದಾಡುವ ದನಿ ನೋಡಿ ಮೊದಲ ದಿನ ನಾಲ್ಕಾರು ಮಂದಿ ಮುಖ ಮುಖ ನೋಡಿಕೊಂಡರಂತೆ. ಆದರೆ ಅಯ್ಯನವರ ಮನೆಯಲ್ಲಿ ಕುಡಿಯುವವನು ಸತ್ತುಹೋದ, ಇನ್ನು ಉಳಿದಿರುವುದು ಸೊಸೆಯೊಬ್ಬಳು, ಇದು ಯಾರ ಪಾಲೂ ಆಗಿರಲು ಸಾಧ್ಯವಿಲ್ಲ ಎಂದು ಅವರೇ ತೀರ್ಮಾನಕ್ಕೆ ಬಂದರು. ಯಾರ ಪಾಲೂ ಅಲ್ಲದಿದ್ದರೆ ಅದು ದೇವರದೇ. ಮರುವಾರದಿಂದ ಮಠದ ಅಂಗಳ ಸಾಲದಾಯಿತು. ನನ್ನ ಓರಗೆಯವನಾದ ಹಾಲೇಶಪ್ಪ, ಹಿಂದೆಲ್ಲ ನನ್ನ ಓದಿಗೆ ತೂಕಡಿಸುತ್ತಿದ್ದವನು, ಈಗ ಮುಂದಿನ ಸಾಲಿನಲ್ಲಿ ಕೂತು ಕೈಮುಗಿಯುತ್ತಿದ್ದ. ಕಾಲಿಗೆ ಬೀಳಬೇಡಿ ಎಂದು ನಾನು ಹೇಳುತ್ತಿದ್ದೆ. ಹೇಳುವಾಗಲೂ ಕಾಲನ್ನು ಹಿಂದಕ್ಕೆ ಎಳೆದುಕೊಳ್ಳುವುದು ಮರೆತುಹೋಗುತ್ತಿತ್ತು.

ದಿನ ಕಳೆದ ಹಾಗೆ ಅದು ಹೆಚ್ಚಿತು. ಒಂದು ಸಂಜೆ ಓದುತ್ತ ಓದುತ್ತ ಪುಸ್ತಕದ ಮೇಲೆ ಹಣೆಯಿಟ್ಟು ಹಾಗೇ ಉಳಿದೆನಂತೆ. ಉಸಿರು ಇದೆಯೋ ಇಲ್ಲವೋ ಎನ್ನುವಷ್ಟು ನಿಧಾನವಾಗಿತ್ತು, ತುಟಿ ನೀಲಿಯಾಗಿತ್ತು. ಜನ ದೀಪ ಹಚ್ಚಿ ಭಜನೆ ಮಾಡಿದರು. ಸಮಾಧಿ ಸ್ಥಿತಿ ಎಂದರು. ಎಚ್ಚರವಾದಾಗ ಕೊರಳಲ್ಲಿ ತಿಪ್ಪಮ್ಮನ ಮಾಲೆಗಳಿದ್ದವು.

ಮನೆಗೆ ಬಂದು ರುದ್ರಾಣಿಗೆ ಹೇಳುತ್ತಿದ್ದೆ, ಇವತ್ತೂ ಚನ್ನವೀರ ಬಂದಿದ್ದ ಎಂದು. ಅವಳು ನನ್ನ ಮುಖವನ್ನೇ ನೋಡುತ್ತ, “ಹೆಂಗಿದ್ರು ಮಾವಯ್ಯ?” ಎಂದು ಕೇಳುತ್ತಿದ್ದಳು. ಚೆನ್ನಾಗಿದ್ದ, ನಕ್ಕ ಎನ್ನುತ್ತಿದ್ದೆ. ಅವಳು ಎದ್ದು ಒಳಗೆ ಹೋಗುತ್ತಿದ್ದಳು. ಅವಳು ಸೊರಗುತ್ತಿದ್ದಳು, ಕೆನ್ನೆ ಒಳಸೇರಿ ಕಣ್ಣು ದೊಡ್ಡದಾಗಿ ಕಾಣುತ್ತಿತ್ತು, ಊಟ ಸೇರುತ್ತಿರಲಿಲ್ಲ. ನನಗೆ ಸಿಕ್ಕ ಸಮಾಧಾನದಲ್ಲಿ ಅವಳಿಗೊಂದು ತುಣುಕು ಕೊಡಪ್ಪ ಎಂದು ದೇವರಲ್ಲಿ ಬೇಡುತ್ತಿದ್ದೆ. ಬೇಡುವಾಗ ನನಗೆ ಸುಖವಾಗಿರುತ್ತಿತ್ತು.

ವರ್ಷದ ದಿನ ಹತ್ತಿರ ಬರುತ್ತಿದ್ದಾಗ ತಿಪ್ಪಮ್ಮನ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರವಾಯಿತು. ಅವಳು ಬಂದು ರುದ್ರಾಣಿಯನ್ನು ಕೈಹಿಡಿದು ಕರೆದುಕೊಂಡು ಹೋಗಿ, ಅವತ್ತು ಮಧ್ಯಾಹ್ನ ತಾನೇ ಕೂರಿಸಿ ಬಡಿಸಿದಳು. ನಾನು ಉಪವಾಸವಿದ್ದೆ. ಸಂಜೆ ಮಠಕ್ಕೆ ಹೋಗಿ ಪುಸ್ತಕ ಬಿಚ್ಚಿದೆ. ಏನೂ ಬರಲಿಲ್ಲ. ಕಂಬದ ಪಕ್ಕ ಬರೀ ಕಂಬದ ನೆರಳು. ಅಕ್ಷರಗಳು ಇರುವೆಗಳಂತೆ ಹರಿದಾಡಿದವು. ಮೂಗು ಸೋರತೊಡಗಿತು, ಆಕಳಿಕೆಯ ಮೇಲೆ ಆಕಳಿಕೆ, ಮೈಯೆಲ್ಲ ಮುಳ್ಳೆದ್ದು ಬೆವರು. ಅರ್ಧಕ್ಕೆ ಮುಚ್ಚಿ ಎದ್ದುಬಂದೆ. ಜನ ಇದನ್ನೂ ಅರ್ಥಮಾಡಿಕೊಂಡರು; ಅಯ್ಯನವರಿಗೆ ವಿರಹ ಹತ್ತಿದೆ ಎಂದರು. ನಾನೂ ಹಾಗೆಯೇ ಎಂದುಕೊಂಡೆ. ಶರಣರು, ದಾಸರು ದೇವರು ಮರೆಯಾದಾಗ ಹೀಗೆಯೇ ಹೊರಳಾಡಿದ್ದಾರೆ ಎಂದು ಬೆಳಗಾಗುವವರೆಗೆ ಹೊಟ್ಟೆ ಹಿಡಿದುಕೊಂಡು ಹೊರಳಿದೆ.

ಬೆಳಿಗ್ಗೆ ತಿಪ್ಪಮ್ಮ ಹೂವಿನ ಬುಟ್ಟಿ ಹಿಡಿದು ಬಂದಳು. ಮುಖ ತೊಳೆದ ಕಂಚಿನಂತೆ ಬೆಳಗುತ್ತಿತ್ತು. ಜಗಲಿಯ ಮೇಲೆ ನನ್ನ ಪಕ್ಕಕ್ಕೇ ಕೂತು ಮೆಲ್ಲಗೆ ಹೇಳಿದಳು.

“ಅಯ್ನೋರೆ, ನಿನ್ನೆ ನನಗೂ ಬಂತು. ನಿಮ್ಗೆ ಬರ್ತದಲ್ಲ, ಅದು.”

ಗಂಡನ ಪಾಲಿರಬೇಕು ಎಂದೆ.

“ಅವ್ನು ಊರಾಗಿದ್ರೆ ತಾನೇ? ತಂಗಿ ಮನೆಗೆ ಹೋಗವ್ನೆ. ಇದು ಹೆಂಡದ್ದಲ್ಲ ಬಿಡಿ. ಹೆಂಡದ್ದು ಬಂದ್ರೆ ನಾನು ಎಮ್ಮೆ ಜತೆ ಮಾತಾಡೋಳು. ಇದರಾಗೆ ನಮ್ಮವ್ವ ಬಂದಿದ್ಲು. ನನ್ನ ತಲೆ ಬಾಚಿದ್ಲು.”

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ನನಗೆ ಏನಾಯಿತೆಂದು ಬರೆಯಲು ನಾಚಿಕೆಯಾಗುತ್ತದೆ. ಹೊಟ್ಟೆಕಿಚ್ಚಾಯಿತು. ಇಷ್ಟು ವರ್ಷ ಸ್ನಾನ, ಜಪ, ಉಪವಾಸ ಮಾಡಿದ ನನ್ನನ್ನು ಬಿಟ್ಟು ದೇವರು ಗೋಡೆ ಹಾರಿ ಪಕ್ಕದ ಮನೆಗೆ ಏಕೆ ಹೋದ ಎಂದು ಅವಳು ಹೋದ ಮೇಲೂ ಅಲ್ಲಿಯೇ ಕೂತು ಯೋಚಿಸಿದೆ. ನಾನು ಮಾಡಿದ ತಪ್ಪೇನು, ಅವಳು ಮಾಡಿದ ಪುಣ್ಯವೇನು. ನಿನ್ನೆ ಅವಳು ನಾನು ಮಾಡದ ಯಾವ ಕೆಲಸ ಮಾಡಿದಳು. ಹಾಗೆ ಲೆಕ್ಕ ಹಾಕುತ್ತ ಹೋದಾಗ ಅವಳು ಮಾಡಿದ, ನಾನು ಮಾಡದ ಕೆಲಸ ಒಂದೇ ಒಂದು ಸಿಕ್ಕಿತು. ನಿನ್ನೆ ರುದ್ರಾಣಿಗೆ ಬಡಿಸಿದವಳು ಅವಳು.

ಒಳಗೆ ಹೋದೆ. ರುದ್ರಾಣಿ ಹಿತ್ತಿಲ ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಎದುರಿಗೆ ಕೂತೆ. ಏನು ತಗೊಳ್ತಿದ್ದೀ ತಾಯಿ ಎಂದೆ. ಅವಳ ಕೈ ನಿಂತಿತು. ಆಮೇಲೆ ಸೆರಗಿನ ಗಂಟು ಬಿಚ್ಚಿ ನೆಲದ ಮೇಲೆ ಸುರಿದಳು. ಬಿಳಿಯ ಸಣ್ಣ ಗುಳಿಗೆಗಳು, ಕಾಳುಗಳ ಜೊತೆ ಬೆರೆತವು.

“ನಾನು ಒಂದು ತೊಟ್ಟು ಹೆಂಡ ಬಾಯಿಗೆ ಹಾಕ್ದೋಳಲ್ಲ ಮಾವಯ್ಯ,” ಎಂದಳು. “ಅವ್ರು ಕುಡಿದ್ರು, ನನಗೆ ಏರ್ತು. ದಿನಾ ಏರ್ತು. ಅವ್ರು ಹೋದ್ರು, ಏರೋದು ನಿಂತುಹೋಯ್ತು. ಮೈ ಬಿಡಲಿಲ್ಲ. ಎಲ್ಲಾರೂ ನಾನು ಗಂಡನಿಗೋಸ್ಕರ ನಡುಗ್ತೀನಿ ಅಂದ್ರು. ನಾನು ಅವರಿಗೋಸ್ಕರ ಅಳಬೇಕು ಅಂತಿದ್ದೆ. ಮೈ ಅದನ್ನ ಕೇಳ್ತಿತ್ತು, ಅವರನ್ನಲ್ಲ.”

ಡಬ್ಬಿಯಲ್ಲಿ ಉಳಿದಿದ್ದ ಅವನ ಗುಳಿಗೆಗಳನ್ನು ಮೊದಲು ನುಂಗಿದ್ದಳು. ಮುಗಿದ ಮೇಲೆ ಎಲ್ಲಿಂದಲೋ ತರಿಸಿಕೊಂಡಳು. ಎಲ್ಲಿಂದ ಎಂದು ನಾನು ಕೇಳಲಿಲ್ಲ, ಇಂಥದ್ದು ಸಿಗದ ಊರು ಯಾವುದಿದೆ. ಬಡಿಸುತ್ತಿದ್ದವನು ನಾನಾದ್ದರಿಂದ ಅವಳಿಗೆ ದಕ್ಕುತ್ತಿದ್ದುದು ಒಂದು ಚೂರು. ನಡುಕ ನಿಲ್ಲುವಷ್ಟು, ಅಷ್ಟೇ. ಸಾಲದೆ ಒಂದಕ್ಕೆ ಎರಡು, ಎರಡಕ್ಕೆ ನಾಲ್ಕು ಎಂದು ಏರಿಸುತ್ತ ಹೋಗಿದ್ದಳು. ನಿನ್ನೆ ಮಾತ್ರ, ತಿಪ್ಪಮ್ಮನಿಗೆ ಗೊತ್ತಾದೀತೆಂದು ಹೆದರಿ, ಒಂದೇ ನುಂಗಿದ್ದಳಂತೆ. ನಾನು ಮಠದಿಂದ ಬಂದು ಚನ್ನವೀರನನ್ನು ಕಂಡೆ ಎನ್ನುವಾಗ ಅವಳಿಗೆ ಎಲ್ಲವೂ ತಿಳಿದಿತ್ತು. ಹೇಳಿಬಿಡಬೇಕೆಂದು ಅನ್ನಿಸುತ್ತಿತ್ತಂತೆ, ಆದರೆ ನಾನು ಸಂತೋಷವಾಗಿದ್ದೆನಂತೆ.

“ಸೌಟು ಕೊಡೋ ದಿನ ಬರಲಿ ಅಂತ ಕಾಯ್ತಿದ್ದೆ,” ಎಂದಳು. “ಅವತ್ತು ನಾನೇ ಬಡಿಸ್ಕೊಂಡು ಉಣ್ತೀನಿ. ಪೂರಾ ನಂದೇ ಆಗ್ತದೆ. ನನಗೂ ಒಂದ್ಸಲ ಅವರು ಕಾಣ್ಲಿ.”

ನಾನು ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರಮ್ಮ ಬೇರೆ ಊರಿನಿಂದ ಬಂದವರು, ಚಿಕ್ಕ ವಯಸ್ಸು. ನುಂಗುತ್ತಿರುವವರು ಯಾರು ಎಂದು ಕೇಳಿದರು. ಅವಳು ಎಂದೆ. ಪರೀಕ್ಷೆ ಮಾಡಿ, ಅಮಲಿನ ಚಟ ಹತ್ತಿರುವುದು ನಿಮ್ಮ ಮೈಗೆ ಎಂದರು. ಹೌದು, ನಾನು ಬಡಿಸುತ್ತೇನೆ ಎಂದೆ. ಅವರು ಪೆನ್ನು ಕೆಳಗಿಟ್ಟರು. ಈ ಊರಿನಲ್ಲಿ ಅವರಿಗೆ ಇದು ಹೊಸದಲ್ಲದಿದ್ದರೂ ಅಭ್ಯಾಸವಾದಂತೆ ಕಾಣಲಿಲ್ಲ. ಆಮೇಲೆ ಸಮಾಧಾನದಿಂದ ಹೇಳಿದರು. ಮಠದಲ್ಲಿ ನನಗೆ ಆದದ್ದು ಸಮಾಧಿಯಲ್ಲ, ಉಸಿರು ನಿಲ್ಲುವುದರಲ್ಲಿತ್ತು. ಇಷ್ಟು ದಿನದ ಅಮಲಿಗೆ ಹೊಂದಿಕೊಂಡಿರುವುದು ನನ್ನ ಮೈ. ಅವಳ ಮೈ ಅದರ ಚೂರನ್ನು ಮಾತ್ರ ಬಲ್ಲದು. ತಾನೇ ಬಡಿಸಿಕೊಂಡು ಉಂಡು, ಈಗ ನುಂಗುತ್ತಿರುವಷ್ಟನ್ನೇ ನುಂಗಿದರೆ ಅವಳು ಅವತ್ತೇ ಹೋಗುತ್ತಾಳೆ. ಒಮ್ಮೆಲೇ ಬಿಡಿಸುವುದೂ ಬೇಡ, ಇಬ್ಬರೂ ತಡೆಯಲಾರಿರಿ. ಗುಳಿಗೆಯನ್ನು ತಾವೇ ಅಳೆದು ಕೊಡುವುದಾಗಿಯೂ, ಸ್ವಲ್ಪ ಸ್ವಲ್ಪವೇ ಇಳಿಸುತ್ತ ಹೋಗಬೇಕೆಂದೂ, ಅಲ್ಲಿಯವರೆಗೆ ಬಡಿಸುವವನು ನಾನೇ ಆಗಿರಬೇಕೆಂದೂ ಹೇಳಿದರು.

ಮನೆಗೆ ಬರುವ ದಾರಿಯಲ್ಲಿ ನನ್ನ ತಲೆ ಗೊಂದಲದ ಗೂಡಾಗಿತ್ತು. ಕಂಬದ ಪಕ್ಕ ಕೂತವನು ನನ್ನ ಮಗನಲ್ಲವೇ? ಅವನನ್ನು ಕಳಿಸಿದವನು ದೇವರಲ್ಲವೇ? ಗುಳಿಗೆಯ ಬಾಗಿಲಿನಿಂದ ಬಂದರೆ ದೇವರು ದೇವರಲ್ಲ ಎನ್ನಲು ನಾನು ಯಾರು? ಹಾಗೆಂದರೆ ಹೆಂಡದಂಗಡಿಯ ಮುಂದಿನ ಕಲ್ಲಿಗೂ ಕುಂಕುಮ ಹಚ್ಚಬೇಕಾಗುತ್ತದೆ. ಅಳಲು ಬಂದ ನೂರಾರು ಜನ ಅತ್ತದ್ದು ಯಾವುದಕ್ಕೆ? ಪಕ್ಕದಲ್ಲಿ ಅವಳು ತಲೆ ತಗ್ಗಿಸಿ ನಡೆಯುತ್ತಿದ್ದಳು. ಮಧ್ಯಾಹ್ನ ಅನ್ನ ಬಡಿಸುವಾಗ ನನ್ನ ಕೈ, ಇವತ್ತು ಸಂಜೆಗೆ ಬರುತ್ತದೆ ಎಂಬ ಆಸೆಯಿಂದ ನಡುಗುತ್ತಿದ್ದುದನ್ನು ಕಂಡು, ಆ ಆಸೆ ಭಕ್ತಿಯಲ್ಲವೆಂಬುದಷ್ಟು ಮಾತ್ರ ಗಟ್ಟಿಯಾಯಿತು.

ಡಾಕ್ಟರಮ್ಮ ಕೊಟ್ಟದ್ದನ್ನಷ್ಟೇ ನುಂಗುತ್ತೇನೆ ಎಂದು ಅವಳು ಒಪ್ಪಿದಳು. ಆದರೆ ಗುಳಿಗೆಗಳನ್ನು ಮತ್ತೆ ಕಟ್ಟಿಕೊಂಡಿದ್ದ ಸೆರಗಿನ ಗಂಟನ್ನು ನನಗೆ ಕೊಡಲಿಲ್ಲ. ಕೇಳಿದೆ. ಇರಲಿ ಮಾವಯ್ಯ ಎಂದಳು. ಕಿತ್ತುಕೊಂಡರೆ ಇನ್ನೊಂದನ್ನು ತರಿಸಿಕೊಳ್ಳುತ್ತಾಳೆಂದು ಸುಮ್ಮನಾದೆ. ವರ್ಷದ ದಿನವನ್ನು ಮುಂದಕ್ಕೆ ಹಾಕೋಣವೆಂದು ಅವಳ ಅಣ್ಣ ಶಂಭುಲಿಂಗನಿಗೆ ಹೇಳಿ ಕಳಿಸಿದೆ. ಅವನು ಒಪ್ಪಲಿಲ್ಲ. ಕಾರಣ ಏನೆಂದು ಕೇಳಿದ. ಕಾರಣ ಹೇಳಿದರೆ ತಂಗಿಯ ಮಾನ ಹೋಗುತ್ತದೆ, ಹೇಳದಿದ್ದರೆ ನನ್ನದು. ಮಾವನಿಗೆ ಸೊಸೆಯ ಕೈಗೆ ಮನೆ ಕೊಡಲು ಮನಸ್ಸಿಲ್ಲ ಎಂದು ಅವನ ಕಡೆಯವರು ಆಡಿಕೊಂಡರೆಂದು ತಿಪ್ಪಮ್ಮ ಬಂದು ಹೇಳಿದಳು.

ಆ ದಿನ ಬಂದೇ ಬಂತು. ಶಂಭುಲಿಂಗ, ಅವನ ಹೆಂಡತಿ, ಅವರ ಕಡೆಯ ಹಿರಿಯರು, ಓಣಿಯವರು ಎಲ್ಲರೂ ಸೇರಿದರು. ಪೂಜೆಯಾಯಿತು. ಎಲೆ ಹಾಕಿದರು. ಶಂಭುಲಿಂಗನ ಹೆಂಡತಿ ಅರಿಸಿನ ಹಚ್ಚಿದ ಹೊಸ ಹಿತ್ತಾಳೆ ಸೌಟನ್ನು ತಟ್ಟೆಯಲ್ಲಿಟ್ಟು ತಂದಳು. ರುದ್ರಾಣಿ ಸ್ನಾನ ಮಾಡಿ ಬಿಳಿ ಅಂಚಿನ ಸೀರೆ ಉಟ್ಟು ನಿಂತಿದ್ದಳು. ನನ್ನ ಕಣ್ಣು ಅವಳ ಸೆರಗಿನ ಮೇಲೇ ಇತ್ತು. ಗಂಟು ಇರಲಿಲ್ಲ. ಬಿಸಾಡಿದಳೋ, ಊಟವಾದ ಮೇಲೆ ನುಂಗಲು ಬೇರೆಲ್ಲೋ ಬಚ್ಚಿಟ್ಟಿದ್ದಾಳೋ ತಿಳಿಯಲಿಲ್ಲ. ಅವಳ ಮುಖ ನೋಡಿದೆ. ತಪ್ಪಿಸಿಕೊಂಡಳು.

ತಟ್ಟೆ ಅವಳ ಮುಂದೆ ಬರುವಷ್ಟರಲ್ಲಿ ನಾನು ಕೈಚಾಚಿ ಸೌಟನ್ನು ತೆಗೆದುಕೊಂಡೆ. ಕೂತ್ಕೋ ತಾಯಿ, ನಾನು ಬಡಿಸ್ತೀನಿ ಎಂದೆ.

ಮೊದಲು ಮಾತಾಡಿದವನು ಹಾಲೇಶಪ್ಪ. ಪರಮೇಶಯ್ಯ, ಮೈಮೇಲೆ ಬಂದಿದೆಯೇನಪ್ಪ ಎಂದು ನನ್ನನ್ನು ಮೆತ್ತಗೆ ಕೇಳಿದ, ಸೌಟು ಕೊಡು ಎಂದು ಸನ್ನೆ ಮಾಡಿದ. ಶಂಭುಲಿಂಗ ಎದ್ದು ನಿಂತ.

“ನಮ್ಮ ಹುಡುಗಿ ಕೈಗೆ ಒಂದು ಸೌಟೂ ಕೊಡಾಕಿಲ್ಲ ಅಂದ್ರೆ ಬಾಯಿಬಿಟ್ಟು ಹೇಳ್ರಿ. ಇವತ್ತೇ ಕರ್ಕೊಂಡು ಹೋಗ್ತೀವಿ. ದೇವರು ಬರ್ತಾನಂತೆ ಇವರಿಗೆ. ಮನುಷ್ಯರು ಕಾಣಾಕಿಲ್ಲ.”

ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ನಾನು ಖಾಲಿ ಎಲೆಯ ಮುಂದೆ ಅನ್ನದ ಪಾತ್ರೆ ಹಿಡಿದು ಬಗ್ಗಿ ನಿಂತೆ. ರುದ್ರಾಣಿ ನಿಂತೇ ಇದ್ದಳು. ಆಮೇಲೆ ಬಂದು ಎಲೆಯ ಮುಂದೆ ಕೂತಳು. ಕೂತವಳು ಅನ್ನ ಬೀಳದ ಹಾಗೆ ಎಲೆಗೆ ಅಡ್ಡವಾಗಿ ಎರಡು ಕೈಗಳನ್ನೂ ಹಿಡಿದಳು. ನಮ್ಮ ಕಡೆ ಸಾಕು ಎನ್ನುವಾಗ ಹಾಗೆ ಹಿಡಿಯುತ್ತಾರೆ. ಅವಳಿಗೆ ಇನ್ನೂ ಏನೂ ಬಡಿಸಿರಲಿಲ್ಲ. ನನ್ನ ಸೊಂಟ ನೋಯುತ್ತಿತ್ತು. ಸೌಟಿನಿಂದ ಆವಿ ಏಳುತ್ತಿತ್ತು.

“ಅವ್ರು ಇನ್ನು ನಿಮಗೂ ಬರಾಕಿಲ್ಲ ಮಾವಯ್ಯ,” ಎಂದಳು, ನನಗೊಬ್ಬನಿಗೇ ಕೇಳುವ ಹಾಗೆ. “ಕಮ್ಮಿ ಆಗ್ತಾ ಆಗ್ತಾ ಹೋಗೇಬಿಡ್ತಾರೆ. ನಿಮ್ಗೆ ಬೇಡ್ವಾ?”

“ಬೇಕು,” ಎಂದೆ. “ನೀನೂ ಬೇಕು.”

ಇಷ್ಟು ವರ್ಷ ಪುರಾಣ ಓದಿದ ಬಾಯಿಗೆ ಅಷ್ಟೇ ಬಂತು. ಅವಳು ಎಡಗೈಯನ್ನು ತೆಗೆದಳು. ಬಲಗೈ ಹಾಗೇ ಇತ್ತು. ತಿಪ್ಪಮ್ಮ ಬಾಗಿಲ ಹತ್ತಿರದಿಂದ, ಅನ್ನ ಆರ್ತದೆ ಕಣವ್ವ ಎಂದಳು. ಬಲಗೈಯೂ ಸರಿಯಿತು. ನಾನು ಬಡಿಸಿದೆ. ಅವಳು ಕಲಸಿ ಮೊದಲ ತುತ್ತನ್ನು ಬಾಯಿಗಿಟ್ಟಾಗ ಅವಳ ಕೈ ನಡುಗುತ್ತಿತ್ತು, ಚೆಲ್ಲಲಿಲ್ಲ. ಶಂಭುಲಿಂಗನ ಕಡೆಯವರು ಉಣ್ಣದೆ ಎದ್ದುಹೋದರು. ಆ ಮುನಿಸು ಇನ್ನೂ ಇಳಿದಿಲ್ಲ. ಅವತ್ತು ಸಂಜೆ ನನಗೆ ಬಂದ ಅಮಲು ಡಾಕ್ಟರಮ್ಮನ ಅಳತೆಯದಾಗಿತ್ತು, ಹೆಚ್ಚಿನದಲ್ಲ. ಗಂಟನ್ನು ಬಾವಿಗೆ ಹಾಕಿದೆನೆಂದು ಅವಳು ಎಷ್ಟೋ ದಿನದ ಮೇಲೆ ಹೇಳಿದಳು. ಯಾವಾಗ ಎಂದು ಹೇಳಲಿಲ್ಲ.

ಆಮೇಲಿನ ತಿಂಗಳುಗಳನ್ನು ವಿವರಿಸಿ ಪ್ರಯೋಜನವಿಲ್ಲ. ಅಳತೆ ಇಳಿದಾಗಲೆಲ್ಲ ಇಬ್ಬರಿಗೂ ಒಂದೇ ಸಲ ಮೂಗು ಸೋರುತ್ತಿತ್ತು, ಒಂದೇ ಸಲ ಕಾಲು ಸೆಳೆಯುತ್ತಿತ್ತು. ಕಾರಣವಿಲ್ಲದೆ ಸಿಡುಕುತ್ತಿದ್ದೆವು; ಒಂದು ದಿನ ಉಪ್ಪು ಹೆಚ್ಚಾಯಿತೆಂದು ಅವಳು ತಟ್ಟೆ ತಳ್ಳಿದಳು, ನಾನು ಪಾತ್ರೆಯನ್ನೇ ಹಿತ್ತಿಲಿಗೆ ಎಸೆದೆ. ಇಬ್ಬರೂ ಬಗ್ಗಿ ಅನ್ನ ಬಳಿಯುವಾಗ ಅವಳಿಗೆ ನಗು ಬಂತು. ಈ ಮನೆಯಲ್ಲಿ ಅವಳ ನಗು ಕೇಳಿ ಬಹಳ ಕಾಲವಾಗಿತ್ತು. ಮಠದಲ್ಲಿ ಚನ್ನವೀರ ಮೊದಲು ನಗುವಿಲ್ಲದವನಾದ, ಆಮೇಲೆ ಮುಖವಿಲ್ಲದವನಾದ, ಆಮೇಲೆ ಕಂಬದ ಪಕ್ಕದಲ್ಲಿ ಒಂದು ಬಿಸುಪು ಮಾತ್ರ ಆದ, ಒಂದು ದಿನ ಅದೂ ಇಲ್ಲ. ಅವನು ಎರಡನೇ ಸಲ ಸತ್ತದ್ದಕ್ಕೆ ಯಾರೂ ಮಾತಾಡಿಸಲು ಬರಲಿಲ್ಲ. ಜನ ಕರಗಿದರು. ಅಯ್ಯನವರಿಂದ ದೇವರು ಹೋದ, ಸೊಸೆಗೆ ಮಾಡಿದ ಅನ್ಯಾಯಕ್ಕೆ ಎಂದು ಆಡಿಕೊಂಡರು. ಹಾಲೇಶಪ್ಪ ಮೊದಲಿನ ಹಾಗೆ ತೂಕಡಿಸತೊಡಗಿದ. ಅವನು ತೂಕಡಿಸುವುದನ್ನು ನೋಡಿ ನನಗೆ ಏಕೋ ಸಮಾಧಾನವಾಯಿತು.

ಡಾಕ್ಟರಮ್ಮ ಗುಳಿಗೆ ಕೊಡುವುದನ್ನು ಪೂರ್ತಿ ನಿಲ್ಲಿಸಿ ಎಷ್ಟೋ ದಿನವಾದ ಮೇಲೆ, ಮೊನ್ನೆ ಬೆಳಿಗ್ಗೆ ಪೂಜೆಗೆ ಕೂತಿದ್ದೆ. ಹೊರಗೆ ತುಂತುರು. ನೀರು ಹಾಕಿ, ಪತ್ರೆ ಏರಿಸಿ, ಕಣ್ಣು ಮುಚ್ಚಿದೆ. ಇದ್ದಕ್ಕಿದ್ದ ಹಾಗೆ ಒಳಗೆಲ್ಲೋ ಒಂದು ಗಂಟು ಸಡಿಲವಾಯಿತು. ಎದೆ ಹಗುರವಾಯಿತು. ಯಾರೂ ಕಾಣಲಿಲ್ಲ, ಏನೂ ಕೇಳಲಿಲ್ಲ. ಆದರೆ ಯಾರೋ ಹತ್ತಿರ ಇದ್ದಾರೆ ಅನ್ನಿಸಿತು. ಕಣ್ಣಲ್ಲಿ ನೀರು ತುಂಬಿತು. ಅಪ್ಪಾ, ಬಂದೆಯಾ ಎಂದೆ.

ಮರುಗಳಿಗೆ ನೆನಪಾಯಿತು. ನಿನ್ನೆ ಅವಳಿಗೆ ಬಡಿಸಿದವನು ನಾನು. ಪೂಜೆಯನ್ನು ಅರ್ಧಕ್ಕೇ ಬಿಟ್ಟು, ಒದ್ದೆ ಕೈಯಲ್ಲೇ ಅಡುಗೆಮನೆಗೆ ಓಡಿದೆ. ಅವಳು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ನನ್ನ ಮುಖ ನೋಡಿದವಳಿಗೆ ಎಲ್ಲವೂ ತಿಳಿಯಿತು. ಬೇಸರಪಡಲಿಲ್ಲ. ಮೊರ ಕೆಳಗಿಟ್ಟು ಎರಡೂ ಅಂಗೈಗಳನ್ನು ಬಿಚ್ಚಿ ತೋರಿಸಿದಳು. ಸೆರಗನ್ನು ಕೊಡವಿ ತೋರಿಸಿದಳು. ಆಮೇಲೆ ಶಾಲೆಯ ಮಗುವಿನ ಹಾಗೆ ಬಾಯಿ ತೆರೆದು ನಾಲಿಗೆ ಎತ್ತಿದಳು.

“ನಾನಲ್ಲ ಮಾವಯ್ಯ. ಇವತ್ತು ನಾನಲ್ಲ.”

ಹಾಗಾದರೆ ಇದು ಯಾರದು ಎಂದು ಕೇಳಿದೆ.

“ನನಗೇನು ಗೊತ್ತು,” ಎಂದಳು. “ನಿಮ್ದೇ ಇರಬಹುದು.”

ಅವಳ ಕಣ್ಣನ್ನು ನೋಡಿದೆ. ಪಾಪೆಗಳು ಸರಿಯಾಗಿದ್ದವು. ಸರಿಯಾಗಿರುವಂತೆ ಕಂಡವು. ನನ್ನ ಕಣ್ಣೂ ಮಂಜಾಗುತ್ತಿದೆ, ಎಷ್ಟರಮಟ್ಟಿಗೆ ನಂಬುವುದೋ ತಿಳಿಯದು. ಅಷ್ಟು ಹೊತ್ತಿಗೆ ಎದೆಯೊಳಗಿನದು ಹೋಗಿತ್ತು. ನಿಜವಾಗಿ ಬಂದಿದ್ದವನಾಗಿದ್ದರೆ ನಾನು ಎದ್ದು ಓಡಿದ್ದನ್ನು ನೋಡಿಕೊಂಡೇ ಹೋಗಿರಬೇಕು. ದೇವರ ಕೋಣೆಯಲ್ಲಿ ದೀಪ ಉರಿಯುತ್ತಿತ್ತು. ನಾನು ಹಿಂದಿರುಗಲಿಲ್ಲ. ಗೋಡೆಗೆ ಒರಗಿ ಅವಳ ಎದುರಿಗೇ ಕೂತೆ. ಅವಳು ಮೊರವನ್ನು ನಮ್ಮಿಬ್ಬರ ನಡುವೆ ಸರಿಸಿದಳು, ನಾನೂ ಕಲ್ಲು ಆರಿಸತೊಡಗಿದೆ.